ಪೆಟ್ಟಿಗೆಯಲ್ಲಿಟ್ಟ ಫೋನು

“ಈ ಮನೆಯ ಕೀಲಿಕೈ ಮೇಜಿನ ಮೇಲಿಡು,” ಎಂದಳು ಅಕ್ಕ.

ತಮ್ಮ ಅಲ್ಲಾಡಲಿಲ್ಲ. ಬಾಗಿಲ ಪಕ್ಕದ ತನ್ನ ಕುರ್ಚಿಯಲ್ಲಿ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ದಿನವಿಡೀ ವಟವಟ ಮಾತಾಡುವ ಮನುಷ್ಯ ಅವನು. ಪರಿಚಯದವರೆಲ್ಲ ಅವನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಆ ಮಧ್ಯಾಹ್ನ ಮಾತ್ರ ರೇಡಿಯೋ ಬಂದ್ ಆಗಿತ್ತು.

“ಕೇಳಿಸ್ಲಿಲ್ವಾ?”

“ಕೇಳಿಸ್ತು. ನಾನು ಯಾರಿಗೂ ಹೇಳಿಲ್ಲ ಅಕ್ಕ. ಇದನ್ನ ಇನ್ನೆಷ್ಟು ಸಲ ಹೇಳ್ಲಿ?”

ಅಕ್ಕ ಅವನೊಬ್ಬನಿಗೇ ಅಕ್ಕನಾಗಿ ಉಳಿದಿರಲಿಲ್ಲ. ಅವಳ ಪತ್ತೇದಾರಿ ಕಚೇರಿಗೆ ಕಷ್ಟ ಹೇಳಿಕೊಂಡು ಬಂದವರು, ಅವಳಿಗಿಂತ ಹಿರಿಯರು, ಅವಳ ಕೈಗೆ ಸಿಕ್ಕಿಬಿದ್ದ ಕಳ್ಳರು ಕೂಡ ಅಕ್ಕ ಎಂದೇ ಕರೆಯುತ್ತಿದ್ದರು. ತಪ್ಪು ಹುಡುಕುವುದರಲ್ಲಿ ಅವಳದು ಎತ್ತಿದ ಕೈ. ತನ್ನದೊಂದನ್ನು ಬಿಟ್ಟು ಮಿಕ್ಕ ಎಲ್ಲರ ತಪ್ಪನ್ನೂ ಹುಡುಕುತ್ತಾಳೆ ಎಂದು ತಮ್ಮ ಆಗಾಗ ಸೇರಿಸುತ್ತಿದ್ದ, ಅವಳ ಕಿವಿಗೆ ಬೀಳದಷ್ಟು ದೂರ ಹೋಗಿ.

ಮೊನ್ನೆ ಹಳೆಯ ಅಡಗುಮನೆಯ ಬಾಗಿಲು ಒಡೆದು ಗೂಂಡಾಗಳು ನುಗ್ಗಿದ್ದರು. ಅಲ್ಲಿ ಬಚ್ಚಿಟ್ಟಿದ್ದ ನರ್ಸು ಹಿಂದಿನ ಬಾಲ್ಕನಿಯಿಂದ ಹಾರಿ, ಕಾಲು ಉಳುಕಿಸಿಕೊಂಡು, ಹೇಗೋ ಜೀವ ಉಳಿಸಿಕೊಂಡಿದ್ದಳು. ಗಲಾಟೆ ಕೇಳಿ ಅಡ್ಡ ಬಂದ ಕೆಳಮನೆಯ ದರ್ಜಿಯ ತಲೆ ಒಡೆದಿತ್ತು. ಅವನಿಗಿನ್ನೂ ಪೂರ್ತಿ ಎಚ್ಚರ ಬಂದಿರಲಿಲ್ಲ.

ತಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಮಾಲೀಕ ಒಬ್ಬ ರೋಗಿಯ ಔಷಧಿಯನ್ನು ಬೇಕೆಂದೇ ಬದಲಿಸಿ ಕೊಂದದ್ದನ್ನು ನರ್ಸು ಕಣ್ಣಾರೆ ಕಂಡಿದ್ದಳು. ಸೋಮವಾರ ನ್ಯಾಯಾಲಯದಲ್ಲಿ ಆ ಮಾತು ಹೇಳುವವರೆಗೆ ಅವಳನ್ನು ಬದುಕಿಸಿಡುವುದು ಅಕ್ಕನ ಹೊಣೆ. ಹಳೆಯ ಮನೆ ಎಲ್ಲಿದೆ ಎಂದು ನರ್ಸಿಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಕ್ಕನಿಗೆ ಮತ್ತು ಈ ಕುರ್ಚಿಯಲ್ಲಿ ಕೂತವನಿಗೆ.

“ಹಾಗಾದ್ರೆ ನಾನೇ ಹೇಳಿರ್ಬೇಕು,” ಎಂದಳು ಅಕ್ಕ. “ಹೌದಾ?”

“ನೀನು ಹೇಳಿಲ್ಲ. ನಾನೂ ಹೇಳಿಲ್ಲ. ಹಾಗಾದ್ರೆ ಒಳಗಿರೋರನ್ನೇ ಒಂದ್ ಮಾತು ಕೇಳ್ಬೇಕು ತಾನೆ?”

ಈ ಮಾತಿಗೆ ಅಕ್ಕನ ಮೈ ಉರಿದುಹೋಯಿತು. ತನ್ನ ಬಾಯಿಗೆ ಬೀಗ ಹಾಕಲಾರದವನು, ಕಾಲು ಉಳುಕಿಸಿಕೊಂಡು ಒಳಗೆ ಮಲಗಿರುವ ಹೆಂಗಸಿನ ಮೇಲೆ ಗೂಬೆ ಕೂರಿಸುತ್ತಿದ್ದಾನೆ. ಹಿಂದೊಮ್ಮೆ ಕ್ಷೌರದಂಗಡಿಯಲ್ಲಿ ಕೂತು ಇವನು ಆಡಿದ ಮಾತಿನಿಂದ ಅವಳ ಕೇಸೊಂದು ನೀರಿನಲ್ಲಿ ಮುಳುಗಿತ್ತು. ಅವತ್ತಿನಿಂದ ಅವನು ಕ್ಷೌರದಂಗಡಿಗೇ ಹೋಗದೆ ಮನೆಯಲ್ಲೇ ಕೂದಲು ಕತ್ತರಿಸಿಕೊಳ್ಳುತ್ತಿದ್ದ. ಹಿಂಭಾಗ ಯಾವಾಗಲೂ ಸೊಟ್ಟ ಇರುತ್ತಿತ್ತು. ಈಗ ಅವನ ತಗ್ಗಿಸಿದ ತಲೆಯಲ್ಲಿ ಆ ಸೊಟ್ಟ ಗೆರೆ ಅವಳ ಕಣ್ಣಿಗೆ ಬಿತ್ತು. ಬಿದ್ದರೂ ಅವಳು ಕರಗಲಿಲ್ಲ.

ಸೋಫಾದ ತುದಿಯಲ್ಲಿ ಕೂತಿದ್ದ ವಕೀಲರು ಗಂಟಲು ಸರಿಮಾಡಿಕೊಂಡರು. ನರ್ಸಿನ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುವವರು ಅವರೇ. ಬಿಳಿ ಗಡ್ಡ, ಹತ್ತಿಯಂಥ ಮಾತು, ಪಕ್ಕದಲ್ಲಿ ಹಳೆಯ ಚರ್ಮದ ಚೀಲ. ಅವರ ವಿಷಯದಲ್ಲೂ ಅಕ್ಕ ಕಟ್ಟುನಿಟ್ಟು. ಫೋನನ್ನು ಅವರು ತಮ್ಮ ಕಚೇರಿಯಲ್ಲೇ ಬಿಟ್ಟು ಬರಬೇಕು. ಹಿಂಬದಿಯ ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದ ವ್ಯಾನಿನಲ್ಲಿ ತಮ್ಮ ಅವರನ್ನು ಕರೆತಂದು ಹಾಗೆಯೇ ವಾಪಸು ಬಿಡುತ್ತಿದ್ದ. ಹಳೆಯ ಮನೆಯಲ್ಲೂ ಇಲ್ಲೂ ಕಿಟಕಿ ಮುಚ್ಚಿದ ಹೊರಕೋಣೆಯನ್ನು ದಾಟಿ ಅವರು ಒಳಗೆ ಹೆಜ್ಜೆ ಇಟ್ಟಿರಲಿಲ್ಲ.

“ಬಿಡಮ್ಮ, ಸಿಟ್ಟು ಬೇಡ,” ಎಂದರು ವಕೀಲರು. “ವಯಸ್ಸಿನವನು. ಆ ಮುಳ್ಳಿಲ್ಲದ ಗಡಿಯಾರ ನೋಡ್ಕೊಂಡು ದಿನಗಟ್ಟಲೆ ಸುಮ್ನೆ ಕೂತಿರೋದು ಅಂದ್ರೆ ಯಾರಿಗಾದ್ರೂ ಬೇಜಾರೇ. ಯಾರ ಹತ್ರಾನೋ ಎರಡು ಮಾತು ಜಾಸ್ತಿ ಆಡಿರ್ತಾನೆ. ಬೇಕಂತ ಮಾಡಿರಲ್ಲ.”

ತಮ್ಮ ತಟ್ಟನೆ ತಲೆಯೆತ್ತಿ ವಕೀಲರನ್ನು ನೋಡಿದ. ಆಮೇಲೆ ಅಕ್ಕನನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ.

“ಒಂದ್ ಮಾತು ಆಡ್ಬೇಡ,” ಎಂದಳು ಅಕ್ಕ. “ನಿನ್ನ ಬಾಯಿಂದಾನೇ ಇಷ್ಟೆಲ್ಲ ಆಗಿರೋದು. ಕೀಲಿ ಇಡು, ಹೋಗು. ಆ ದರ್ಜಿಗೆ ಏನಾದ್ರೂ ಆದ್ರೆ ನಿನ್ನ ಮುಖ ನನಗೆ ತೋರಿಸ್ಬೇಡ.”

ಅವನು ಎದ್ದ. ಕೀಲಿಕೈಯನ್ನು ವಕೀಲರ ಚಹಾ ಲೋಟದ ಪಕ್ಕದಲ್ಲಿ, ಸದ್ದಾಗದಂತೆ ಇಟ್ಟ. ಬಾಗಿಲ ಬಳಿಯ ಗೂಡಿನಲ್ಲಿದ್ದ ಮರದ ಪೆಟ್ಟಿಗೆಯಿಂದ ತನ್ನ ಫೋನು ತೆಗೆದುಕೊಂಡ. ಬಾಗಿಲು ಎಳೆದುಕೊಳ್ಳುವಾಗಲೂ ಮೆಲ್ಲಗೆ ಎಳೆದುಕೊಂಡ. ಧಡಾರೆಂದು ಬಡಿದಿದ್ದರೆ ಅಕ್ಕನಿಗೆ ಸ್ವಲ್ಪ ಹಿತವಾಗುತ್ತಿತ್ತೇನೋ.

ಕೆಳಗೆ ವ್ಯಾನು ಹೊರಟ ಸದ್ದು ಕೇಳಿಸಿತು. ಹಾಗಾದರೆ ತಾವು ಹೋಗುವುದು ಹೇಗೆ ಎಂದು ವಕೀಲರು ನಯವಾಗಿ ಕೇಳಿದರು. ಬೇರೆ ಏರ್ಪಾಡು ಮಾಡುವವರೆಗೆ ಕೂತಿರಿ ಎಂದಳು ಅಕ್ಕ. ತೊಂದರೆಯಿಲ್ಲ ಎಂದು ಅವರು ಚೀಲದಿಂದ ಕನ್ನಡಕ ಹುಡುಕತೊಡಗಿದರು. ಕನ್ನಡಕದ ಜೊತೆ ಬಣ್ಣದ ಪೆನ್ಸಿಲ್ಲಿನ ಖಾಲಿ ಡಬ್ಬಿಯೊಂದು ಹೊರಗೆ ಬಿತ್ತು. ಮೊಮ್ಮಕ್ಕಳಿದ್ದರೆ ಇದೇ ಪಾಡು ಎಂದು ನಗುತ್ತ ಅದನ್ನು ಒಳಗೆ ತುರುಕಿದರು.

ಅಕ್ಕ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದಳು. ಎಷ್ಟೋ ಹೊತ್ತು ಓಡಾಡಿದಳು. ತಾನು ಮಾಡಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು. ಆದರೂ ಸರಿ ಎನ್ನುವುದಕ್ಕೆ ಕೈಯಲ್ಲಿ ಹಿಡಿಯುವಂಥ ಒಂದು ಸಾಕ್ಷಿ ಇದ್ದರೆ ಚೆನ್ನಾಗಿತ್ತು. ಆಗ ಲ್ಯಾಪ್‌ಟಾಪಿನ ನೆನಪಾಯಿತು.

ಅದು ಅವಳ ಕಚೇರಿಯದೇ ಹಳೆಯ ಲ್ಯಾಪ್‌ಟಾಪು. ಕಂಡದ್ದನ್ನೆಲ್ಲ ಮರೆಯುವ ಮುಂಚೆ ಟೈಪು ಮಾಡಿಡಲಿ ಎಂದು ನರ್ಸಿಗೆ ಕೊಟ್ಟಿದ್ದಳು. ಕೊಡುವ ಮೊದಲು ತನ್ನ ಕಡತ, ಮೇಲ್, ಫೋಟೋ ಎಲ್ಲವನ್ನೂ ತಾನೇ ಕೂತು ಅಳಿಸಿದ್ದಳು. ಈ ಮನೆಗಳಲ್ಲಿ ನೆಟ್ ಇಲ್ಲ. ಫೋನುಗಳೆಲ್ಲ ಪೆಟ್ಟಿಗೆಯಲ್ಲಿ. ಅಂದ ಮೇಲೆ ಲ್ಯಾಪ್‌ಟಾಪು ಬರೀ ಬರೆಯುವ ಹಲಗೆ ಎಂದು ಅವಳು ನಂಬಿದ್ದಳು. ಆದರೆ ತಮ್ಮನಿಗೆ ಇಂಥ ಯಂತ್ರಗಳ ಮರ್ಮ ಗೊತ್ತು. ನರ್ಸು ನಿದ್ದೆ ಹೋದಾಗ ಅದರಲ್ಲಿ ಅವನೇ ಏನಾದರೂ ಕೈಚಳಕ ತೋರಿಸಿದ್ದರೆ?

ಒಳಕೋಣೆಯಲ್ಲಿ ನರ್ಸು ನೋವಿನ ಮಾತ್ರೆ ನುಂಗಿ ಮಲಗಿದ್ದಳು. ಅಕ್ಕ ಹೆಜ್ಜೆ ಸದ್ದಾಗದಂತೆ ಲ್ಯಾಪ್‌ಟಾಪು ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟಳು. ಕದ್ದು ತಂದವಳಂತೆ ಒಳಕೋಣೆಯ ಕಡೆ ಒಮ್ಮೆ ನೋಡಿದಳು. ತೆರೆದಳು.

ಪರದೆಯ ಮೂಲೆಯಲ್ಲಿ ನೆಟ್ಟಿನ ಗುರುತು. ಅದರ ಗೆರೆಗಳೆಲ್ಲ ತುಂಬಿದ್ದವು.

ಸಿಕ್ಕಿಬಿದ್ದೆಯಾ ಮಗನೇ ಎಂದುಕೊಂಡಳು. ಅವಳ ಎದೆಗೆ ಎಂಥದೋ ಒಂದು ಕಹಿ ಸಮಾಧಾನ ಇಳಿಯಿತು. ಅದು ಯಾರ ನೆಟ್ಟು ಎಂದು ನೋಡಲು ಗುರುತಿನ ಮೇಲೆ ಒತ್ತಿದಳು.

ಪರದೆಯಲ್ಲಿ ಹೆಸರು ಮೂಡಿತು. ಅಕ್ಕನ ಬೆತ್ತ.

ಅವಳು ಅದನ್ನು ಓದಿದಳು. ಕಣ್ಣು ಉಜ್ಜಿಕೊಂಡು ಮತ್ತೆ ಓದಿದಳು. ಅಕ್ಷರಗಳು ಬದಲಾಗಲಿಲ್ಲ.

ಆ ಹೆಸರಿಟ್ಟವನು ತಮ್ಮನೇ. ಕಚೇರಿಯ ನೆಟ್ಟು ಪದೇ ಪದೇ ಕೈಕೊಡುತ್ತಿದ್ದಾಗ, ಅವಳ ಫೋನಿನಿಂದಲೇ ಲ್ಯಾಪ್‌ಟಾಪಿಗೆ ನೆಟ್ಟು ಸಿಗುವ ಹಾಗೆ ಹಾಟ್‌ಸ್ಪಾಟ್ ಹೊಂದಿಸಿಕೊಟ್ಟವನು ಅವನು. ಹೆಸರೇನಿಡಲಿ ಎಂದು ಕೇಳಿ, ಅವಳು ಉತ್ತರ ಕೊಡುವ ಮುಂಚೆಯೇ ಇದನ್ನು ಬರೆದು, ಬಿದ್ದು ಬಿದ್ದು ನಕ್ಕಿದ್ದ. ಯಾವುದೇ ಉಪಕರಣ ಬಳಸದಿದ್ದರೆ ಹಾಟ್‌ಸ್ಪಾಟ್ ತಾನಾಗಿ ಆಫ್ ಆಗುವಂತೆಯೂ ಮಾಡಿದ್ದ. ದಾರಿಯಲ್ಲಿ, ವ್ಯಾನಿನಲ್ಲಿ, ಕಾರಿಡಾರಿನಲ್ಲಿ ಕೂತು ವರದಿ ಕಳಿಸುವ ಅವಳಿಗೆ ಅದು ರಗಳೆಯಾಗಿತ್ತು. ಅದನ್ನು ತೆಗೆಯಲೇಬೇಕು ಎಂದು ಹಟ ಹಿಡಿದು ತೆಗೆಸಿದ್ದಳು. ತೆಗೆಯುವಾಗ ಅವನು ಹೇಳಿದ್ದ, ಕೆಲಸ ಮುಗಿದ ಮೇಲೆ ನೀನೇ ನೆನಪಿಟ್ಟು ಆಫ್ ಮಾಡ್ಬೇಕು ಅಕ್ಕ, ಮರೀಬೇಡ ಅಂತ. ನನಗೆ ಪಾಠ ಹೇಳ್ಬೇಡ ಎಂದಿದ್ದಳು.

ಮರೆತಿದ್ದಳು. ಒಂದು ದಿನವಲ್ಲ, ದಿನವೂ. ವ್ಯಾನಿನಲ್ಲಿ ಕೂತು ತನ್ನ ಇನ್ನೊಂದು ಕಂಪ್ಯೂಟರಿನಿಂದ ವರದಿ ಕಳಿಸುವುದು, ಹಾಟ್‌ಸ್ಪಾಟ್ ಹಾಗೇ ಬಿಟ್ಟು ಫೋನನ್ನು ಪೆಟ್ಟಿಗೆಗೆ ಹಾಕುವುದು, ನಿಯಮ ಪಾಲಿಸಿದೆನೆಂದು ಬೀಗುವುದು. ಪೆಟ್ಟಿಗೆಯಿಂದ ಒಳಕೋಣೆಗೆ ಒಂದೇ ಗೋಡೆ. ಮೇಲ್ ಅಳಿಸಿದ್ದಳು, ಫೋಟೋ ಅಳಿಸಿದ್ದಳು. ಲ್ಯಾಪ್‌ಟಾಪು ಅವಳ ಫೋನಿನ ಹೆಸರನ್ನೂ ಪಾಸ್‌ವರ್ಡನ್ನೂ ನೆನಪಿಟ್ಟುಕೊಂಡಿರುತ್ತದೆ ಎಂದು ಹೊಳೆದೇ ಇರಲಿಲ್ಲ. ಫೋನು ಹೊಸ್ತಿಲು ದಾಟಿದ್ದೇ ತಡ, ಸಾಕಿದ ನಾಯಿ ಯಜಮಾನನ ಹತ್ತಿರ ಓಡಿ ಬರುವ ಹಾಗೆ ಅದು ಬಂದು ಸೇರಿಕೊಂಡಿತ್ತು.

ಆದರೂ ಅವಳದು ಪತ್ತೇದಾರಿ ಬುದ್ಧಿ. ಪರೀಕ್ಷೆ ಮಾಡದೆ ಒಪ್ಪಲಾರಳು. ಪೆಟ್ಟಿಗೆಯ ಬಳಿ ಹೋಗಿ ಫೋನಿನಲ್ಲಿ ಹಾಟ್‌ಸ್ಪಾಟ್ ಆಫ್ ಮಾಡಿದಳು. ಪರದೆಯ ಗೆರೆಗಳು ಮಾಯವಾದವು. ಆನ್ ಮಾಡಿ, ಫೋನನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಮುಚ್ಚಿ ಬಂದು ನಿಂತಳು. ಯಾರೂ ಏನೂ ಮುಟ್ಟದೆಯೇ ಗೆರೆಗಳು ಮೂಡಿದವು.

“ಏನಮ್ಮ ಅದು?” ಎಂದರು ವಕೀಲರು.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ತಗ್ಗಿದ ದನಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ಒಳ್ಳೆಯ ವಿದ್ಯಾರ್ಥಿಯಂತೆ ಮುಂದಕ್ಕೆ ಬಾಗಿ ಕೇಳಿದರು. ಅಂದರೆ ಈ ಫೋನು ಇಲ್ಲಿಂದ ದೂರ ಹೋದರೆ ಲ್ಯಾಪ್‌ಟಾಪಿಗೂ ನೆಟ್ಟು ಇಲ್ಲವೇ ಎಂದು ವಿಚಾರಿಸಿದರು. ಇಲ್ಲ ಎಂದಳು. ಫೋನು ಆಫ್ ಆದರೆ? ಆಗಲೂ ಇಲ್ಲ ಎಂದಳು. ತನ್ನ ಮಾನ ತಾನೇ ಕಳೆದುಕೊಳ್ಳುವ ಗಡಿಬಿಡಿಯಲ್ಲಿ, ಅವರು ಅದನ್ನೇ ಯಾಕೆ ಕೇಳುತ್ತಿದ್ದಾರೆ ಎಂದು ಯೋಚಿಸುವಷ್ಟು ಬುದ್ಧಿ ಅವಳಿಗೆ ಉಳಿದಿರಲಿಲ್ಲ.

ಮಾತಿನ ಸದ್ದಿಗೆ ನರ್ಸು ಎದ್ದು, ಗೋಡೆ ಹಿಡಿದುಕೊಂಡು, ಕುಂಟುತ್ತ ಹೊರಗೆ ಬಂದಳು. ಮೇಜಿನ ಮೇಲೆ ತೆರೆದಿದ್ದ ಲ್ಯಾಪ್‌ಟಾಪು ನೋಡಿದಳು. ಬಾಗಿಲ ಪಕ್ಕದ ಖಾಲಿ ಕುರ್ಚಿ ನೋಡಿದಳು.

“ರೇಡಿಯೋ ಅಣ್ಣ ಎಲ್ಲಿ?”

ಅಕ್ಕ ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದಳು. ಲ್ಯಾಪ್‌ಟಾಪಿನಿಂದ ಯಾರನ್ನಾದರೂ ಮಾತಾಡಿಸಿದ್ದೀಯಾ ಎಂದು ಕೇಳಿದಳು. ನರ್ಸು ಹಿಂದೆಮುಂದೆ ನೋಡದೆ ಹೂಂ ಎಂದಳು. ಮಗಳನ್ನು. ಹಳೆಯ ಮನೆಯಿಂದ ಒಮ್ಮೆ, ಇಲ್ಲಿಗೆ ಬಂದ ಮೇಲೆ ನಿನ್ನೆ ಇನ್ನೊಮ್ಮೆ. ಮಗು ಅತ್ತಿಗೆಯ ಮನೆಯಲ್ಲಿದೆ. ಅತ್ತಿಗೆಯ ಫೋನಿಗೆ ವಿಡಿಯೋ ಕರೆ ಮಾಡಿ ಮಾತಾಡಿಸಿದ್ದಳು. ಎಲ್ಲಿದ್ದೇನೆ ಎಂದು ಹೇಳಿಲ್ಲ, ಹೇಳಲು ತನಗೂ ಗೊತ್ತಿಲ್ಲವಲ್ಲ ಎಂದಳು.

“ಯಾರನ್ನ ಕೇಳಿ ಮಾಡಿದೆ?”

ಈಗ ನರ್ಸಿನ ಮುಖದಲ್ಲಿ ಗೊಂದಲ ಕಾಣಿಸಿತು.

“ಅದು ನೀವೇ ಕೊಟ್ಟಿದ್ದಲ್ವಾ ಅಕ್ಕ? ನಿಮ್ಮ ಹೆಸರೇ ಇತ್ತು. ಮಗು ಇಲ್ದೆ ನಾನು ಒದ್ದಾಡೋದು ನೋಡಿ ಕೊಟ್ರಿ ಅಂದ್ಕೊಂಡೆ. ನೀವು ಬಾಯ್ಬಿಟ್ಟು ಒಳ್ಳೇದು ಹೇಳೋರಲ್ಲ. ಸುಮ್ನೆ ಮಾಡಿ ಸುಮ್ನಿದ್ದೀರಿ, ನಾನೂ ಸುಮ್ನಿರ್ಬೇಕು ಅಂತ ಇದ್ದೆ.”

ಅಕ್ಕನ ಕೈ ತಾನಾಗಿ ತನ್ನ ಕೋಟಿನ ಎದೆಗೆ ಹೋಯಿತು. ಅಲ್ಲಿ ಬಹಳ ಕಾಲದಿಂದ ಜೋತಾಡುತ್ತಿದ್ದ ಗುಂಡಿಯನ್ನು ಹೋದ ವಾರ ಯಾರೋ ಬಿಗಿಯಾಗಿ ಹೊಲಿದಿದ್ದರು. ನರ್ಸಿನ ಕೆಲಸ ಎಂದು ಗೊತ್ತಿತ್ತು. ಹೊತ್ತು ಹೋಗದೆ ಹೊಲಿದಿರಬೇಕು ಎಂದುಕೊಂಡಿದ್ದಳು. ಅದು ಥ್ಯಾಂಕ್ಸ್ ಎಂದು ಈಗ ತಿಳಿಯಿತು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತೇನೆ ಎನ್ನುತ್ತಾರಲ್ಲ, ಆ ಮಾತಿನ ಅರ್ಥ ಅವಳಿಗೆ ಆ ಗಳಿಗೆಯಲ್ಲಿ ಆಯಿತು. ಮಾಡದ ಉಪಕಾರಕ್ಕೆ ಒಂದು ಗುಂಡಿ ಹೊಲಿಸಿಕೊಂಡಿದ್ದಳು. ಮಾಡದ ತಪ್ಪಿಗೆ ತಮ್ಮನನ್ನು ಹೊರಗೆ ಹಾಕಿದ್ದಳು.

ಹೌದು, ನಾನೇ ಕೊಟ್ಟದ್ದು ಎಂದು ಹೇಳಲು ಅವಳಿಗೆ ಮನಸ್ಸಾಯಿತು. ಹೇಳಿದರೆ ನರ್ಸಿನ ಕಣ್ಣಿನಲ್ಲಿ ಕೊಂಚ ಮರ್ಯಾದೆಯಾದರೂ ಉಳಿಯುತ್ತಿತ್ತು.

“ನಾನು ಕೊಟ್ಟಿದ್ದಲ್ಲಮ್ಮ,” ಎಂದಳು. “ಆಫ್ ಮಾಡೋಕೆ ಮರೆತಿದ್ದೆ. ಅಷ್ಟೇ. ಬಾಗಿಲು ತೆರೆದಿಟ್ಟು, ಕಾವಲಿಗಿದ್ದೋನನ್ನ ಕಳ್ಳ ಅಂದೆ.”

ನರ್ಸು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ತನ್ನ ಉಳುಕಿದ ಕಾಲನ್ನೊಮ್ಮೆ ನೋಡಿಕೊಂಡು, ಆ ದರ್ಜಿ ಹೇಗಿದ್ದಾರೆ ಎಂದು ಕೇಳಿದಳು. ಎಚ್ಚರ ಬಂದಿಲ್ಲ ಎಂದಳು ಅಕ್ಕ.

ತಮ್ಮನನ್ನು ಈಗಲೇ ಕರೆಯಬೇಕು. ಏನೆಂದು ಕರೆಯುವುದು? ಚಿಕ್ಕಂದಿನಿಂದ ಅವನಿಗೆ ಒಮ್ಮೆಯೂ ತಪ್ಪಾಯಿತು ಎಂದವಳಲ್ಲ. ಆ ಮಾತನ್ನು ಬಾಯಿಗೆ ತಂದುಕೊಳ್ಳಲು ತಿಣುಕುತ್ತ ನಿಂತಿದ್ದಾಗಲೇ ಲ್ಯಾಪ್‌ಟಾಪು ರಿಂಗಾಯಿತು.

ವಿಡಿಯೋ ಕರೆ. ಪರದೆಯ ಮೇಲೆ ಅತ್ತಿಗೆ ಎಂಬ ಹೆಸರು.

“ಅವರಾಗೇ ಯಾವತ್ತೂ ಮಾಡಲ್ಲ,” ಎಂದಳು ನರ್ಸು.

ಮನೆಯವರ ಮಾತು, ತಾವು ಮಧ್ಯೆ ಯಾಕೆ ಎಂದು ವಕೀಲರು ಚಹಾ ಲೋಟ ಎತ್ತಿಕೊಂಡು ಎದ್ದು, ಇಬ್ಬರ ಬೆನ್ನ ಹಿಂದಕ್ಕೆ, ಬಾಗಿಲ ಕಡೆಗೆ ಸರಿದರು. ಸಭ್ಯ ಮನುಷ್ಯ ಎಂದುಕೊಂಡಳು ಅಕ್ಕ.

ನರ್ಸು ಕರೆ ತೆಗೆದುಕೊಂಡಳು. ಪರದೆ ತುಂಬ ಒಂದು ಪುಟ್ಟ ಮುಖ, ಮುಂದಿನ ಹಲ್ಲು ಬಿದ್ದು ಕಿಂಡಿಯಾದ ನಗು.

“ಅಮ್ಮ, ನಮ್ಮನೆಗೆ ವ್ಯಾನ್ ಮಾಮ ಬಂದಿದ್ದಾರೆ.”

ಮಗುವಿನ ಹಿಂದೆ ತಮ್ಮನ ಮುಖ ಕಾಣಿಸಿತು.

ಅಕ್ಕ ಪರದೆಯ ಹತ್ತಿರಕ್ಕೆ ಬಾಗಿದಳು. ಇವನಿಗೆ ಅಲ್ಲೇನು ಕೆಲಸ? ಮೊದಲ ದಿನ ನರ್ಸನ್ನು ಆ ಮನೆಯಿಂದ ಕರೆತಂದವನು ಅವನೇ, ವಿಳಾಸ ಗೊತ್ತು. ಆದರೆ ಈಗ ಯಾಕೆ? ಅನುಮಾನ ಹಳೆಯ ಚಾಳಿಯಂತೆ ಹೆಡೆಯೆತ್ತಿತು. ಅದರ ಬೆನ್ನಿಗೇ ನಾಚಿಕೆಯೂ ಬಂತು. ಅವನನ್ನು ಕೇಳುವ ಹಕ್ಕು ತನಗೆಲ್ಲಿ ಉಳಿದಿದೆ?

“ಅಕ್ಕ, ನೀನೂ ಅಲ್ಲಿದ್ದೀಯಾ? ಮೊದ್ಲು ಕೇಳಿಸ್ಕೋ. ಬೈಯೋದು ಆಮೇಲೆ,” ಎಂದ ತಮ್ಮ. ರೇಡಿಯೋ ಮತ್ತೆ ಶುರುವಾಗಿತ್ತು, ಆದರೆ ದನಿ ತಗ್ಗಿತ್ತು. “ನಿನಗೆ ಕೇಳೋಕೆ ತಾಳ್ಮೆ ಇರ್ಲಿಲ್ಲ, ಅದಕ್ಕೆ ನಾನೇ ಬಂದು ಕೇಳ್ದೆ. ಇವರು ಮಗಳ ಹತ್ರ ಮಾತಾಡೇ ಇರ್ತಾರೆ ಅನ್ನಿಸ್ತು. ಮಾತಾಡಿದಾರೆ. ಇದು ನೋಡು.”

ಅವನು ಒಂದು ಹಾಳೆ ಎತ್ತಿ ಹಿಡಿದ. ಮಗು ಬಿಡಿಸಿದ ಚಿತ್ರ. ದೊಡ್ಡ ತಲೆಯ ಅಮ್ಮ, ಅವಳ ಹಿಂದೊಂದು ಕಿಟಕಿ, ಕಿಟಕಿಯಾಚೆ ಒಂದು ಗೋಪುರ. ಗೋಪುರದ ಮೇಲೆ ಗುಂಡಗಿನ ಗಡಿಯಾರ. ಅಂಕಿಗಳಿದ್ದವು. ಮುಳ್ಳುಗಳಿರಲಿಲ್ಲ.

ಹಳೆಯ ಮನೆಯ ಒಳಕೋಣೆಯ ಕಿಟಕಿಯಿಂದ ಕಾಣುತ್ತಿದ್ದ ಗೋಪುರ. ಅಂಥದ್ದು ಆ ಊರಿನಲ್ಲಿ ಇನ್ನೊಂದಿಲ್ಲ.

“ನಾನು ಮರ್ತಿಲ್ಲ, ಮುಳ್ಳೇ ಇರ್ಲಿಲ್ಲ,” ಎಂದು ಮಗು ತನ್ನ ಚಿತ್ರದ ಪರವಾಗಿ ವಾದಿಸಿತು.

“ನಿನ್ನೆ ಇನ್ನೊಂದು ಬರ್ದಿದ್ದಾಳೆ,” ಎಂದ ತಮ್ಮ. “ಹೊಗೆ ಕೊಳವೆ, ಅದರ ತುದೀಲಿ ಒಂದು ಗಿಡ. ಅದು ಇಲ್ಲಿಲ್ಲ. ಬೆಳಿಗ್ಗೆ ಇಸ್ಕೊಂಡು ಹೋಗಿದ್ದಾರೆ.”

ಅಕ್ಕ ತಿರುಗಿ ಒಳಕೋಣೆಯ ತೆರೆದ ಬಾಗಿಲಿನಾಚೆ ನೋಡಿದಳು. ಕಿಟಕಿಯಲ್ಲಿ, ಮುಚ್ಚಿಹೋದ ಕಾರ್ಖಾನೆಯ ಹೊಗೆ ಕೊಳವೆ. ತುದಿಯ ಬಿರುಕಿನಲ್ಲಿ ಬೇರುಬಿಟ್ಟ ಗಿಡ ಗಾಳಿಗೆ ಅಲ್ಲಾಡುತ್ತಿತ್ತು.

“ಯಾರು ಇಸ್ಕೊಂಡಿದ್ದು?” ಎಂದಳು.

ತಮ್ಮ ಬಾಯಿ ತೆರೆಯುವ ಮುಂಚೆ ಮಗುವೇ ಉತ್ತರ ಕೊಟ್ಟಿತು.

“ಪೆನ್ಸಿಲ್ ತಂದ್ಕೊಟ್ಟ ತಾತ. ಅವ್ರಿಗೆ ಅಮ್ಮನ ಕಿಟಕಿ ಅಂದ್ರೆ ತುಂಬ ಇಷ್ಟ. ಅವ್ರಿಗೆ ಇಷ್ಟುದ್ದ...”

ಮಗು ಎರಡೂ ಕೈಗಳನ್ನು ಗಲ್ಲದ ಕೆಳಗೆ ಹಿಡಿದು ಗಡ್ಡ ತೋರಿಸಿತು. ಹಾಗೇ ನಿಂತುಬಿಟ್ಟಿತು. ಕಣ್ಣು ಮಿಟುಕಲಿಲ್ಲ. ತಮ್ಮನ ತೆರೆದ ಬಾಯಿಯೂ ತೆರೆದೇ ಇತ್ತು. ಚಿತ್ರ ಸ್ತಬ್ಧವಾಗಿತ್ತು.

ಮೂಲೆಯ ಗುರುತಿನಲ್ಲಿ ಗೆರೆಗಳು ಒಂದೊಂದಾಗಿ ಆರುತ್ತಿದ್ದವು.

ಅಕ್ಕ ಹಿಂದಿರುಗಿ ನೋಡಿದಳು. ಬಾಗಿಲ ಬಳಿ ಯಾರೂ ಇರಲಿಲ್ಲ. ತಮ್ಮನ ಕುರ್ಚಿಯ ಮೇಲೆ ಚಹಾ ಲೋಟ, ಇನ್ನೂ ಅರ್ಧ ತುಂಬಿತ್ತು. ಗೂಡಿನಲ್ಲಿ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಪೆಟ್ಟಿಗೆ ಖಾಲಿ. ಮೇಜಿನ ಮೇಲಿದ್ದ ಕೀಲಿಕೈ ಇರಲಿಲ್ಲ. ತಮ್ಮನ ಕೈಯಿಂದ ಅವಳೇ ಕಿತ್ತು ಇಡಿಸಿದ ಕೀಲಿಕೈ.

ಓಡಿಹೋಗಿ ಬಾಗಿಲು ಜಗ್ಗಿದಳು. ಹೊರಗಿನಿಂದ ಬೀಗ ಬಿದ್ದಿತ್ತು. ಒಳಗಿನಿಂದ ಹಾಕಿಕೊಳ್ಳಲು ಅದಕ್ಕೆ ಅಗಳಿಯೂ ಇರಲಿಲ್ಲ.

ಮುಳ್ಳಿಲ್ಲದ ಗಡಿಯಾರ. ಕಪ್ಪು ಬಟ್ಟೆಯ ವ್ಯಾನಿನಲ್ಲಿ ಬಂದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತು ಹೋದ ಮನುಷ್ಯನಿಗೆ ಆ ಗಡಿಯಾರ ಎಲ್ಲಿ ಕಂಡಿತು? ತಮ್ಮ ಆಗಲೇ ತಲೆಯೆತ್ತಿದ್ದ. ಬಾಯಿ ತೆರೆದಿದ್ದ. ಒಂದು ಮಾತು ಆಡಬೇಡ ಎಂದವಳು ಅವಳು. ಆಮೇಲೆ ಯಾವ ಫೋನು ಕದ್ದರೆ ಯಾವ ಬಾಯಿ ಮುಚ್ಚುತ್ತದೆ ಎಂದು ಆ ಗಡ್ಡಕ್ಕೆ ಕೂರಿಸಿಕೊಂಡು ಪಾಠ ಹೇಳಿಕೊಟ್ಟವಳೂ ಅವಳೇ.

“ಅಕ್ಕ, ನನ್ನ ಮಗು,” ಎಂದಳು ನರ್ಸು.

“ಮಗು ಹತ್ರ ರೇಡಿಯೋ ಇದ್ದಾನೆ. ಏನೂ ಆಗಲ್ಲ.” ಇಷ್ಟು ನಂಬಿಕೆಯಿಂದ ತಮ್ಮನ ಹೆಸರು ಹೇಳಿದ್ದು ಅವಳಿಗೆ ನೆನಪಿರಲಿಲ್ಲ. “ಬಾಗಿಲಿಂದ ದೂರ ಹೋಗು. ಒಳಗೆ ಹೋಗಿ ಅಗಳಿ ಹಾಕ್ಕೋ.”

ಮೂರನೇ ಮಹಡಿ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಬಾಲ್ಕನಿ ಇಲ್ಲ. ಯಾರೂ ಒಳಗೆ ಬರಲಾಗದು ಎಂದು ಈ ಮನೆಯನ್ನು ಆರಿಸಿದ್ದಳು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಮುಚ್ಚಿಹೋದ ಆ ಕಾರ್ಖಾನೆ ಬಿಟ್ಟರೆ ಏನೂ ಇರಲಿಲ್ಲ.

ಲ್ಯಾಪ್‌ಟಾಪಿನ ಮುಂದೆ ಬಂದು ಕೂತಳು. ಗೆರೆಗಳೆಲ್ಲ ಆರಿಹೋಗಿ, ಬರೀ ಹುಡುಕುತ್ತಿದೆ ಎಂಬ ಮಾತು ತಿರುಗುತ್ತಿತ್ತು. ಅವಳ ಫೋನು ಮೆಟ್ಟಿಲಿಳಿದು, ಬೀದಿ ಸೇರಿ, ಯಾವನದೋ ಜೇಬಿನಲ್ಲಿ ದೂರ ಹೋಗಿತ್ತು. ಇಷ್ಟು ದಿನ ಬೇಡವಾಗಿದ್ದಾಗ ಹರಿದು ಬಂದ ನೆಟ್ಟು ಬೇಕಾದಾಗ ಇರಲಿಲ್ಲ.

ಆಗ ಮೂಲೆಯಲ್ಲಿ ಒಂದು ಗೆರೆ ಮೂಡಿತು.

ಇನ್ನೊಂದು ಗೆರೆ ಮೂಡಿತು. ಅಕ್ಕನ ಬೆತ್ತ, ಸಂಪರ್ಕವಾಗುತ್ತಿದೆ. ಫೋನು ವಾಪಸು ಬರುತ್ತಿತ್ತು. ಮೆಟ್ಟಿಲು ಹತ್ತುತ್ತಿತ್ತು. ಹಾಟ್‌ಸ್ಪಾಟನ್ನು ಆಫ್ ಮಾಡುವುದು ವಕೀಲರಿಗೂ ಮರೆತಿತ್ತು.

ಕಿವಿಗೊಟ್ಟಳು. ಮೆಟ್ಟಿಲ ಮೇಲೆ ಹೆಜ್ಜೆಗಳು. ಒಬ್ಬನ ಹೆಜ್ಜೆಗಳಲ್ಲ.

ಗೆರೆಗಳು ತುಂಬುವಷ್ಟರಲ್ಲಿ ಅವರು ಬಾಗಿಲಿಗೆ ಬಂದಿರುತ್ತಾರೆ. ಇರುವುದು ಅಷ್ಟೇ ಹೊತ್ತು. ಅತ್ತಿಗೆಯ ಹೆಸರಿನ ಕೆಳಗೆ ಬರೆಯುವ ಜಾಗ ತೆರೆಯಿತು. ಅಲ್ಲಿಂದ ಅವಳ ತಮ್ಮ ನೋಡುತ್ತಿರುತ್ತಾನೆ. ಪೊಲೀಸು, ವಿಳಾಸ, ವಕೀಲ, ಏನೇನೋ ಬರೆಯಬೇಕೆಂದು ಬೆರಳುಗಳು ಆತುರಪಟ್ಟವು. ವಿಳಾಸ ಅವನಿಗೆ ಗೊತ್ತು. ವಕೀಲ ಯಾರೆಂದು ಅವಳಿಗಿಂತ ಮುಂಚೆ ಅವನಿಗೇ ಗೊತ್ತಾಗಿತ್ತು. ಅವನಿಗೆ ಗೊತ್ತಿಲ್ಲದ್ದು ಒಂದೇ.

ತಪ್ಪು ನಂದು. ಬಾ. ಎಂದು ಬರೆದು ಒತ್ತಿದಳು.

ಸಂದೇಶ ಹೋಯಿತೆಂಬ ಗುರುತು ಬಿತ್ತು. ಅದೇ ಹೊತ್ತಿಗೆ ಬೀಗದೊಳಗೆ ತಮ್ಮನ ಕೀಲಿಕೈ ತಿರುಗಿತು.